ಇಪ್ಪತ್ತೈದು ವರ್ಷದ ರಾಕ್ ಬ್ಯಾಂಡಿಗೆ ಯಾವ ಪ್ರೊಡ್ಯೂಸರ್ ಸರಿ? ಹೊಸ ಆಲ್ಬಂಗೆ ಮುಂಚೆ ಒಂದು ಹೋಲಿಕೆ

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಗೆಳೆಯನ ಫೋನ್ ಬಂತು. ಅವನ ಬ್ಯಾಂಡಿಗೆ ಈಗ 25 ವರ್ಷ. ಕಾಲೇಜಿನಲ್ಲಿ ಶುರುವಾದದ್ದು. ನಾಲ್ವರಲ್ಲಿ ಮೂವರು ಇವತ್ತಿಗೂ ಅವರೇ. ಕೊನೆಯ ಆಲ್ಬಂ ಬಂದು ಹನ್ನೊಂದು ವರ್ಷ ಕಳೆದಿದೆ. ಈಗ ಹತ್ತು ಹೊಸ ಹಾಡು ಕೈಯಲ್ಲಿವೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಸ್ವಲ್ಪ ದುಡ್ಡೂ ಕೂಡಿದೆ. "ಎಲ್ಲಾ ರೆಡಿ ಕಣೋ, ಪ್ರೊಡ್ಯೂಸರ್ ಯಾರು ಅನ್ನೋದೇ ಇತ್ಯರ್ಥ ಆಗ್ತಿಲ್ಲ" ಅಂದ. ಗಿಟಾರಿಸ್ಟ್‌ಗೆ ಮೊದಲ ಆಲ್ಬಂ ಮಾಡಿಕೊಟ್ಟವರೇ ಬೇಕು. ಹಾಡುಗಾರನಿಗೆ ದೊಡ್ಡ ಹೆಸರು ಬೇಕು. ಡ್ರಮ್ಮರ್‌ಗೆ ಇವರ ಹಾಡು ಕೇಳಿಕೊಂಡೇ ಬೆಳೆದ ಒಬ್ಬ ಹುಡುಗನ ಮೇಲೆ ನಂಬಿಕೆ. ಇವನಿಗೋ, ಯಾರೂ ಬೇಡ, ನಾವೇ ಮಾಡೋಣ ಅನ್ನೋ ಮನಸ್ಸು.

ಅವನಿಗೆ ಫೋನಿನಲ್ಲಿ ಹೇಳಿದ್ದು ಸಾಲಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ಚರ್ಚೆ ದೊಡ್ಡ ದೊಡ್ಡ ಬ್ಯಾಂಡ್‌ಗಳಲ್ಲೂ ನಡೆದಿದೆ. ಯಾರು ಯಾರನ್ನು ಆರಿಸಿಕೊಂಡರು, ಏನಾಯಿತು ಅನ್ನುವುದು ಅವರ ರೆಕಾರ್ಡ್‌ಗಳಲ್ಲೇ ಕೇಳುತ್ತದೆ. ಅವರ ಹತ್ತಿರ ಇದ್ದಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಆದರೆ ತಪ್ಪುಗಳು ಅವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಪ್ರೊಡ್ಯೂಸರ್ ಅಂದ ಕೂಡಲೇ ಸಿನಿಮಾಗೆ ದುಡ್ಡು ಹಾಕುವವರು ನೆನಪಾಗುತ್ತಾರೆ. ರಾಕ್ ಆಲ್ಬಂನ ಪ್ರೊಡ್ಯೂಸರ್ ಕೆಲಸ ಸಿನಿಮಾ ನಿರ್ದೇಶಕರ ಕೆಲಸಕ್ಕೆ ಹತ್ತಿರ. ಹತ್ತು ಹಾಡಿನಲ್ಲಿ ಯಾವ ಎಂಟು ಉಳಿಯಬೇಕು, ಗಿಟಾರ್ ಸೋಲೋ ಎಷ್ಟು ಉದ್ದ ಇರಬೇಕು, ಹಲವು ಸಲ ನುಡಿಸಿದ್ದರಲ್ಲಿ ಯಾವ ಟೇಕ್ ಇಟ್ಟುಕೊಳ್ಳಬೇಕು, ಕೆಲಸ ಮುಗಿಯಿತು ಅಂತ ಯಾವಾಗ ಹೇಳಬೇಕು, ಇದೆಲ್ಲ ಅವರದ್ದು. ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಇಂಜಿನಿಯರ್ ಕೆಲಸ. ಎಲ್ಲ ವಾದ್ಯಗಳ ದನಿಯನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಇನ್ನೊಬ್ಬರದ್ದು, ಬಿಡುಗಡೆಗೆ ಮುಂಚೆ ಪೂರ್ತಿ ಹಾಡಿನ ಸದ್ದನ್ನು ಕೊನೆಯ ಸಲ ಹದ ಮಾಡುವ ಮಾಸ್ಟರಿಂಗ್ ಮತ್ತೊಬ್ಬರದ್ದು ಆಗಿರಬಹುದು. ನಮ್ಮಲ್ಲಿ ಬಹಳ ಸಲ ಈ ನಾಲ್ಕೂ ಕೆಲಸವನ್ನು ಒಬ್ಬರೇ ಮಾಡುತ್ತಾರೆ. ಆದರೂ ಇವು ಬೇರೆ ಬೇರೆ ಕೆಲಸ ಅಂತ ತಿಳಿದಿರಬೇಕು. ನಿಮಗೆ ಕೊರತೆ ಇರುವುದು ಈ ನಾಲ್ಕರಲ್ಲಿ ಒಂದರದ್ದೇ ಇರಬಹುದು.

ಯಾವುದನ್ನು ನೋಡಿ ಆರಿಸಬೇಕು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಇವರು "ಬೇಡ" ಅಂದರೆ ನಿಮ್ಮ ಬ್ಯಾಂಡಿನಲ್ಲಿ ಎಲ್ಲರೂ ಕೇಳುತ್ತಾರಾ ಅನ್ನುವುದು. ಹೊಸ ಹುಡುಗರ ಬ್ಯಾಂಡಿಗೆ ಕಲಿಸುವವರು ಬೇಕು. ಹಳೇ ಬ್ಯಾಂಡಿಗೆ ನುಡಿಸುವುದು ಚೆನ್ನಾಗಿ ಗೊತ್ತು. ಅವರ ಕಷ್ಟ ಬೇರೆ. 25 ವರ್ಷ ಒಟ್ಟಿಗೆ ಇದ್ದವರು ಒಬ್ಬರಿಗೊಬ್ಬರು ನಿಜ ಹೇಳುವುದನ್ನು ನಿಲ್ಲಿಸಿರುತ್ತಾರೆ. ಸೋಲೋ ಉದ್ದ ಆಯಿತು ಅಂತ ಡ್ರಮ್ಮರ್‌ಗೆ ಗೊತ್ತು. ಹೇಳಿದರೆ ಯಾವುದೋ ಹಳೇ ಜಗಳ ಮತ್ತೆ ಎದ್ದು ಕೂರುತ್ತದೆ. ಅದಕ್ಕೆ ಸುಮ್ನೆ ಇರುತ್ತಾನೆ. ಆ ಮಾತನ್ನು ಹೊರಗಿನವರೇ ಹೇಳಬೇಕು. ಕೇಳುವ ಹಾಗೆಯೂ ಹೇಳಬೇಕು.

ಆಮೇಲೆ, ಅವರು ಎಷ್ಟು ದಿನ ನಿಮ್ಮ ಜೊತೆ ಕೂರುತ್ತಾರೆ? ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಬೇಸ್ ನುಡಿಸುತ್ತಿದ್ದ ಬ್ಯಾಂಡ್ ಒಮ್ಮೆ ಹೆಸರಿದ್ದ ಒಬ್ಬರಿಗೆ ಕೆಲಸ ಒಪ್ಪಿಸಿತ್ತು. ಎಂಟು ದಿನದ ರೆಕಾರ್ಡಿಂಗ್‌ನಲ್ಲಿ ಅವರು ಬಂದದ್ದು ಎರಡು ದಿನ. ಉಳಿದದ್ದನ್ನೆಲ್ಲ ಅವರ ಸಹಾಯಕ ಹುಡುಗ ಮಾಡಿದ. ಪಾಪ, ಒಳ್ಳೇ ಹುಡುಗ. ಆದರೆ ನಾವು ದುಡ್ಡು ಕೊಟ್ಟದ್ದು ಅವನ ಕಿವಿಗಲ್ಲ. ಆ ರೆಕಾರ್ಡ್ ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೆಯದು ಛಾಪು. ಕೆಲವು ಪ್ರೊಡ್ಯೂಸರ್‌ಗಳ ಆಲ್ಬಂ ಯಾವುದೇ ಇರಲಿ, ಮೊದಲ ಡ್ರಮ್ ಏಟಿಗೇ ಅವರದ್ದು ಅಂತ ಗೊತ್ತಾಗುತ್ತದೆ. ಹೊಸ ಬ್ಯಾಂಡಿಗೆ ಅದು ಲಾಭ. ತನ್ನದೇ ದನಿ ಇರುವ ಹಳೇ ಬ್ಯಾಂಡಿಗೆ ಆ ದನಿ ಕಳೆದುಹೋಗುವ ಭಯ ಇರುತ್ತದೆ.

ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ವಯಸ್ಸು. 22ರಲ್ಲಿ ಹಾಡಿದ ಎತ್ತರಕ್ಕೆ 47ರಲ್ಲಿ ಕಂಠ ಹೋಗುವುದಿಲ್ಲ. ಮೊಣಕೈ ನೋವಿರುವ ಡ್ರಮ್ಮರ್ ದಿನಕ್ಕೆ ಹತ್ತು ಟೇಕ್ ಕೊಡಲಾರ. ಇದನ್ನು ಮುಜುಗರ ಇಲ್ಲದೆ ಮಾತಾಡಿ, ಶ್ರುತಿ ಇಳಿಸಿ, ದಿನಗಳನ್ನು ಅದಕ್ಕೆ ತಕ್ಕಂತೆ ಜೋಡಿಸುವವರು ಬೇಕು. ದುಡ್ಡಿನ ವಿಷಯ ಇದ್ದೇ ಇದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಹೆಸರು ಮಾಡಿದ ದೊಡ್ಡವರು

ಹಳೇ ಬ್ಯಾಂಡ್‌ಗಳನ್ನು ಮತ್ತೆ ಬೇರಿಗೆ ಕರೆದುಕೊಂಡು ಹೋಗುವವರು ಅಂದರೆ ರಿಕ್ ರೂಬಿನ್ ಹೆಸರೇ ಮೊದಲು ಬರುತ್ತದೆ. ಅವರ ರೀತಿ ವಿಚಿತ್ರ. ತನಗೆ ತಾಂತ್ರಿಕ ಕೈಚಳಕ ಏನೂ ಇಲ್ಲ ಅಂತ ಅವರೇ ಟಿವಿ ಸಂದರ್ಶನದಲ್ಲಿ ಹೇಳಿದ್ದಾರೆ. ತನ್ನ ರುಚಿ ತನಗೆ ಗೊತ್ತು, ಅದನ್ನು ಹೇಳುವ ಧೈರ್ಯ ಇದೆ, ಅದೇ ತನ್ನ ಬಂಡವಾಳ ಅನ್ನುತ್ತಾರೆ. ಈ ರೀತಿ ಕೆಲವರಿಗೆ ಪವಾಡದಂತೆ ಕೂಡಿ ಬಂದಿದೆ, ಕೆಲವರಿಗೆ ಕೈಕೊಟ್ಟಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಬ್ಲ್ಯಾಕ್ ಸಬಾತ್ ಬ್ಯಾಂಡ್ 2013ರಲ್ಲಿ ರೂಬಿನ್ ಜೊತೆ "13" ಆಲ್ಬಂ ಮಾಡಿತು. ಓಝಿ ಆಸ್ಬೋರ್ನ್ ಆ ಬ್ಯಾಂಡಿನ ಜೊತೆ ಪೂರ್ತಿ ಸ್ಟುಡಿಯೋ ಆಲ್ಬಂ ಹಾಡಿ 35 ವರ್ಷ ಆಗಿತ್ತು. ಗಿಟಾರಿಸ್ಟ್ ಟೋನಿ ಅಯೋಮಿಗೆ ಕ್ಯಾನ್ಸರ್ ಅಂತ ತಿಳಿದದ್ದು ಅದರ ಹಿಂದಿನ ವರ್ಷ. ಹಳೇ ಡ್ರಮ್ಮರ್ ಬಿಲ್ ವಾರ್ಡ್ ಒಪ್ಪಂದದ ತಕರಾರಿನಿಂದ ಹೊರಗುಳಿದಿದ್ದರು. ರೂಬಿನ್ ಬ್ಯಾಂಡಿನವರನ್ನು ಕೂರಿಸಿ 1970ರ ಅವರದ್ದೇ ಮೊದಲ ಆಲ್ಬಂ ಕೇಳಿಸಿದರು. ನೀವು ಹೆವಿ ಮೆಟಲ್ ಬ್ಯಾಂಡ್ ಅನ್ನುವುದನ್ನು ಮರೆತುಬಿಡಿ, ಆಗ ಹೇಗೆ ನುಡಿಸುತ್ತಿದ್ದಿರೋ ಹಾಗೆ ನುಡಿಸಿ ಅಂದರು. ಆಲ್ಬಂ ಬ್ರಿಟನ್‌ನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. 1970ರ "ಪ್ಯಾರನಾಯ್ಡ್" ಆದ ಮೇಲೆ ಅಲ್ಲಿ ಅವರಿಗೆ ಅದೇ ಮೊದಲು. ಅಮೆರಿಕದಲ್ಲಂತೂ ಅವರ ಇಡೀ ಬದುಕಿಗೇ ಮೊದಲು.

ಅದೇ ರೂಬಿನ್ 1995ರಲ್ಲಿ ಎಸಿ-ಡಿಸಿ ಬ್ಯಾಂಡಿಗೆ "ಬಾಲ್‌ಬ್ರೇಕರ್" ಮಾಡಿದ್ದರು. ನ್ಯೂಯಾರ್ಕಿನಲ್ಲಿ ಡ್ರಮ್ಸ್ ದನಿ ಕೂಡಲಿಲ್ಲ ಅಂತ ಎಲ್ಲಾ ಕಟ್ಟಿಕೊಂಡು ಲಾಸ್ ಏಂಜಲೀಸ್‌ಗೆ ಹೋದರು. ರೂಬಿನ್ ಆಗ ಬೇರೆ ಬ್ಯಾಂಡಿನ ಆಲ್ಬಂನಲ್ಲೂ ಕೈ ಇಟ್ಟಿದ್ದರು. ಅವರನ್ನು ಆರಿಸಿದ್ದು ತಪ್ಪು ಅಂತ ಎಸಿ-ಡಿಸಿಯ ಗಿಟಾರಿಸ್ಟ್ ಮಾಲ್ಕಂ ಯಂಗ್ ಆಮೇಲೆ ನೇರವಾಗಿಯೇ ಹೇಳಿದರು. ಯಾಕೆ ಹೀಗಾಯಿತು? ನನಗೆ ಅನ್ನಿಸುವುದು ಇದು. ಸಬಾತ್ ದಾರಿ ತಪ್ಪಿತ್ತು, ಅವರಿಗೆ ದಾರಿ ತೋರಿಸುವವರು ಬೇಕಿತ್ತು. ಎಸಿ-ಡಿಸಿ ದಾರಿ ತಪ್ಪಿರಲೇ ಇಲ್ಲ. ಮಾಲ್ಕಂಗೆ ತನ್ನ ಬ್ಯಾಂಡ್ ಏನು ಅಂತ ಚೆನ್ನಾಗಿ ಗೊತ್ತಿತ್ತು. ಅಂಥವರಿಗೆ ಬೇಕಾದದ್ದು ದಿನವೂ ಪಕ್ಕದಲ್ಲಿ ಕೂತು ಬೇಗ ಕೆಲಸ ಮುಗಿಸುವವರು. ಅದು ಅವರಿಗೆ 2008ರ "ಬ್ಲ್ಯಾಕ್ ಐಸ್"ನಲ್ಲಿ ಬ್ರೆಂಡನ್ ಒಬ್ರಿಯನ್ ರೂಪದಲ್ಲಿ ಸಿಕ್ಕಿತು. ಆಮೇಲಿನ ಎರಡು ಆಲ್ಬಂಗೂ ಅವರನ್ನೇ ಕರೆದರು.

ಮೆಟಾಲಿಕಾ ಕಥೆ ಈ ಎರಡರ ನಡುವೆ ನಿಲ್ಲುತ್ತದೆ. 2008ರ "ಡೆತ್ ಮ್ಯಾಗ್ನೆಟಿಕ್" ರೂಬಿನ್ ಮಾಡಿದ್ದು. ಹಾಡುಗಳು ಗಟ್ಟಿ. ಹಳೇ ಹುಮ್ಮಸ್ಸು ವಾಪಸ್ ಬಂತು. ಆದರೆ ಕೊನೆಯಲ್ಲಿ ಏರಿಳಿತ ಅಳಿಸಿ ಎಲ್ಲವನ್ನೂ ಜೋರು ಮಾಡಲು ಸದ್ದನ್ನು ಎಷ್ಟು ಹಿಂಡಿದರೆಂದರೆ ಡ್ರಮ್ ಏಟುಗಳು ಒಡೆದು ಕೇಳುತ್ತಿದ್ದವು. ಅದೇ ಹಾಡುಗಳು ಒಂದು ವಿಡಿಯೋ ಗೇಮ್‌ನಲ್ಲಿ ಹಿಂಡದೆ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಹೋಲಿಸಿ, ಆಲ್ಬಂ ಮತ್ತೆ ಮಿಕ್ಸ್ ಮಾಡಿ ಅಂತ ಸಾವಿರಾರು ಸಹಿ ಹಾಕಿದರು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಿಂತು ಆ ಬ್ಯಾಂಡನ್ನು ಕೇಳಿದವನು ನಾನು. ವೇದಿಕೆಯಲ್ಲಿ ಡ್ರಮ್ಸ್‌ಗೆ ಇದ್ದ ಉಸಿರಾಟ ಆ ಸಿ.ಡಿ.ಯಲ್ಲಿ ಇರಲಿಲ್ಲ. ಈಗ ಸ್ಟ್ರೀಮಿಂಗ್ ಆ್ಯಪ್‌ಗಳು ಎಲ್ಲ ಹಾಡನ್ನೂ ಸುಮಾರು ಒಂದೇ ಮಟ್ಟದ ಸದ್ದಿಗೆ ತರುತ್ತವೆ. ಹಿಂಡಿ ಜೋರು ಮಾಡಿದರೆ ಸಿಗುವ ಲಾಭ ಏನೂ ಇಲ್ಲ. ನೀವು ಯಾರನ್ನೇ ಆರಿಸಿ, ಈ ಮಾತನ್ನು ಮೊದಲ ದಿನವೇ ಆಡಿಕೊಳ್ಳಿ.

ಹಾಗಾದರೆ ದೊಡ್ಡ ಹೆಸರು ಯಾರಿಗೆ ಸರಿ? ನಾವು ಯಾರು ಅನ್ನುವುದೇ ಮರೆತುಹೋಗಿದೆ ಅನ್ನುವ ಬ್ಯಾಂಡಿಗೆ. ಅವರು ಬರದ ದಿನಗಳಲ್ಲಿ ಕೆಲಸ ನಡೆಸುವ ಗಟ್ಟಿ ಇಂಜಿನಿಯರ್ ಕೂಡ ಜೊತೆಗೆ ಇದ್ದರೆ ಮಾತ್ರ. ಮೆಟಾಲಿಕಾ ಹಾಗೇ ಕಂಡುಕೊಂಡದ್ದು ಗ್ರೆಗ್ ಫಿಡೆಲ್ಮನ್ ಅವರನ್ನು. ರೂಬಿನ್ ಕೈಕೆಳಗೆ ಇಂಜಿನಿಯರ್ ಆಗಿದ್ದವರು ಮುಂದಿನ ಎರಡು ಆಲ್ಬಂಗೆ ಬ್ಯಾಂಡಿನವರ ಜೊತೆ ಸೇರಿ ತಾವೇ ಪ್ರೊಡ್ಯೂಸ್ ಮಾಡಿದರು. ದೊಡ್ಡವರ ಪಕ್ಕದಲ್ಲಿ ನಿಜವಾಗಿ ಕೆಲಸ ಮಾಡುವವರು ಯಾರು ಅಂತ ನೋಡಿಕೊಳ್ಳಿ. ಅರ್ಧ ದುಡ್ಡಿಗೆ ಅವರೇ ಸಿಗಬಹುದು.

ಅಭಿಮಾನಿಯಾಗಿ ಬೆಳೆದ ಹುಡುಗ

ರೋಲಿಂಗ್ ಸ್ಟೋನ್ಸ್ 2003ರಲ್ಲಿ ಇದೇ ಅರಮನೆ ಮೈದಾನಕ್ಕೆ ಬಂದಾಗಲೇ ಜನ ಅವರನ್ನು ಮುದುಕರು ಅನ್ನುತ್ತಿದ್ದರು. ಅದಾಗಿ ಇಪ್ಪತ್ತು ವರ್ಷಕ್ಕೆ, 2023ರಲ್ಲಿ, "ಹ್ಯಾಕ್ನಿ ಡೈಮಂಡ್ಸ್" ಬಂತು. ಹೊಸ ಸ್ವಂತ ಹಾಡುಗಳ ಆಲ್ಬಂ ಮಾಡಿ ಅವರಿಗೆ 18 ವರ್ಷ ಆಗಿತ್ತು. ಅಷ್ಟು ವರ್ಷ ಅವರು ಸುಮ್ಮನಿರಲಿಲ್ಲ, ರೆಕಾರ್ಡಿಂಗ್ ಮಾಡುತ್ತಲೇ ಇದ್ದರು. ಮುಗಿಯುತ್ತಿರಲಿಲ್ಲ ಅಷ್ಟೆ. ಡ್ರಮ್ಮರ್ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು. ಆಮೇಲೆ ಹಾಡುಗಾರ ಮಿಕ್ ಜ್ಯಾಗರ್ ಒಂದು ಗಡುವು ಹಾಕಿದರು. ಬೀಟಲ್ಸ್ ಬ್ಯಾಂಡಿನಲ್ಲಿದ್ದ ಪಾಲ್ ಮೆಕಾರ್ಟ್ನಿ ಒಬ್ಬ ಹುಡುಗನ ಹೆಸರು ಸೂಚಿಸಿದರು. ಆಂಡ್ರ್ಯೂ ವಾಟ್, ಹುಟ್ಟಿದ್ದು 1990ರಲ್ಲಿ. ಸ್ಟುಡಿಯೋಗೆ ದಿನಕ್ಕೊಂದು ಬೇರೆ ಬೇರೆ ರೋಲಿಂಗ್ ಸ್ಟೋನ್ಸ್ ಟೀ ಶರ್ಟ್ ಹಾಕಿಕೊಂಡು ಬರುತ್ತಿದ್ದನಂತೆ. ಆ ಆಲ್ಬಂ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅದಕ್ಕೂ ಮುಂಚೆ ಓಝಿಯ ಕೊನೆಯ ಎರಡು ಆಲ್ಬಂ ಮಾಡಿದ್ದೂ ಇವನೇ. ಪರ್ಲ್ ಜ್ಯಾಮ್ ಬ್ಯಾಂಡಿನ 2024ರ "ಡಾರ್ಕ್ ಮ್ಯಾಟರ್" ಇವನ ಜೊತೆ ಸುಮಾರು ಮೂರು ವಾರದಲ್ಲಿ ರೆಕಾರ್ಡ್ ಆಯಿತು.

ಅಭಿಮಾನಿಗೆ ಎರಡು ಶಕ್ತಿ ಇರುತ್ತವೆ. ನಿಮ್ಮ ಹಾಡು ನಿಮಗಿಂತ ಅವನಿಗೇ ಜಾಸ್ತಿ ನೆನಪಿರುತ್ತದೆ. ಯಾವ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಹಳೇದರ ನಕಲು, ಯಾವುದು ನಿಮ್ಮದೇ ಹೊಸ ಹೊಳಹು ಅಂತ ತಕ್ಷಣ ಹಿಡಿಯುತ್ತಾನೆ. ಜೊತೆಗೆ ಅವನ ಹುಮ್ಮಸ್ಸು ಇಡೀ ಕೋಣೆಗೆ ಹರಡುತ್ತದೆ. ರಶ್ ಬ್ಯಾಂಡಿನ ಡ್ರಮ್ಮರ್ ನೀಲ್ ಪಿಯರ್ಟ್ ಅಂದರೆ ಡ್ರಮ್ ಲೋಕದ ದೊಡ್ಡಯ್ಯ. ಅವರ ಕೊನೆಯ ಆಲ್ಬಂ 2012ರದ್ದು. ಅದರಲ್ಲಿ ಪ್ರೊಡ್ಯೂಸರ್ ನಿಕ್ ರಸ್ಕುಲೆನೆಟ್ಸ್ ಎದುರಿಗೆ ನಿಂತು, ಡ್ರಮ್ ಕಡ್ಡಿಯನ್ನೇ ವಾದ್ಯಗೋಷ್ಠಿ ನಡೆಸುವವರ ಕೋಲಿನಂತೆ ಆಡಿಸಿ, ಪಿಯರ್ಟ್‌ಗೆ ಸೂಚನೆ ಕೊಡುತ್ತಿದ್ದರು. ಅವರು ಚಿಕ್ಕಂದಿನಿಂದ ಆ ಬ್ಯಾಂಡಿನ ಅಭಿಮಾನಿ. 59 ವರ್ಷದ ಮೇಷ್ಟ್ರು ಅದನ್ನು ಖುಷಿಯಿಂದ ಒಪ್ಪಿಕೊಂಡರು. ನನಗೆ ಆ ಚಿತ್ರ ಬಹಳ ಇಷ್ಟ.

ಕಷ್ಟವೂ ಎರಡು. ಒಂದು, ಅಭಿಮಾನಿಗೆ "ಬೇಡ" ಅನ್ನಲು ನಾಲಿಗೆ ಬರುವುದಿಲ್ಲ. ದೇವರ ಮುಂದೆ ನಿಂತವನ ಹಾಗೆ ಎಲ್ಲದಕ್ಕೂ ಸೂಪರ್ ಅನ್ನುತ್ತಾನೆ. ಅಂಥವನು ಬ್ಯಾಂಡಿಗೆ ಅಪಾಯ. ಇನ್ನೊಂದು, ಈಗಿನ ಹುಡುಗರ ಕಿವಿ ಪಾಪ್ ಹಾಡುಗಳ ಹೊಳಪಿಗೆ ಒಗ್ಗಿರುತ್ತದೆ. ವಾಟ್ ಮಾಡಿದ ಆಲ್ಬಂಗಳಲ್ಲಿ ಹಾಡುಗಾರನ ದನಿ ತುಂಬಾ ಮುಂದೆ, ಎಲ್ಲವೂ ತೊಳೆದಿಟ್ಟಂತೆ ಫಳಫಳ. ನನಗೆ ಕೆಲವು ಕಡೆ ಸ್ವಲ್ಪ ಕೊಳೆ ಇರಬೇಕಿತ್ತು ಅನ್ನಿಸಿದೆ. ಆದರೂ ಹಾಡು ಬರೆದಿಟ್ಟು ವರ್ಷಗಟ್ಟಲೆ ಮುಗಿಸದೆ ಕೂತಿರುವ ಬ್ಯಾಂಡಿಗೆ ಈ ದಾರಿಯೇ ಒಳ್ಳೆಯದು. ದುಡ್ಡೂ ಕಡಿಮೆ ಆಗುತ್ತದೆ. ಹುಡುಗನಿಗೆ ನಿಮ್ಮ ಹೆಸರೂ ಬೇಕಿರುತ್ತದೆ, ಆದ್ದರಿಂದ ಮನಸ್ಸಿಟ್ಟು ಮಾಡುತ್ತಾನೆ.

ಹಳೇ ಜೊತೆಗಾರ

ಮೊದಲ ಆಲ್ಬಂ ಮಾಡಿದವರ ಹತ್ತಿರವೇ ವಾಪಸ್ ಹೋಗುವುದು ಮನಸ್ಸಿಗೆ ಹಿತ. ತವರಿಗೆ ಹೋದ ಹಾಗೆ. ಆದರೆ ಇಲ್ಲಿ ಎಚ್ಚರ ಬೇಕು. ಏರೋಸ್ಮಿತ್ 1970ರ ದಶಕದ ತನ್ನ ಒಳ್ಳೆಯ ಆಲ್ಬಂಗಳನ್ನು ಮಾಡಿದ ಜ್ಯಾಕ್ ಡಗ್ಲಸ್ ಹತ್ತಿರ 2012ರಲ್ಲಿ ಮತ್ತೆ ಹೋಯಿತು. ಬಂದ ಆಲ್ಬಂ ಉದ್ದವಾಗಿ, ಹದ ತಪ್ಪಿದಂತೆ ಇತ್ತು. ಹಳೇ ಗೆಳೆಯನಿದ್ದರೂ ಹಳೇ ಹಸಿವು ಇಲ್ಲದಿದ್ದರೆ ಏನು ಮಾಡುವುದು?

ಜೊತೆಗಾರಿಕೆ ಹಳಸುವುದೂ ಉಂಟು. ಬಾಬ್ ರಾಕ್ 1991ರಲ್ಲಿ ಮೆಟಾಲಿಕಾಗೆ ಹೊಸಬರು. ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿ ನುಡಿಸಬೇಕು ಅಂತ ಹಟ ಹಿಡಿದರು. ಜಗಳ ಆಯಿತು, ಮೂರು ಸಲ ಮಿಕ್ಸ್ ಆಯಿತು, ಆಲ್ಬಂ ಜಗತ್ತನ್ನೇ ಗೆದ್ದಿತು. 2003ರ "ಸೇಂಟ್ ಆ್ಯಂಗರ್" ಹೊತ್ತಿಗೆ ಬೇಸಿಸ್ಟ್ ಬಿಟ್ಟು ಹೋಗಿದ್ದರು. ರಾಕ್ ಅವರೇ ಬೇಸ್ ನುಡಿಸಿದರು. ಅಂದರೆ ಹೊರಗಿನವರಾಗಿದ್ದವರು ಮನೆಯವರೇ ಆಗಿಬಿಟ್ಟಿದ್ದರು. ಆ ಆಲ್ಬಂನ ತಗಡು ಬಡಿದಂಥ ಸ್ನೇರ್ ಡ್ರಮ್ಮಿನ ದನಿ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. ಬೇಡ ಅನ್ನುವವರು ಆ ಕೋಣೆಯಲ್ಲಿ ಯಾರೂ ಉಳಿದಿರಲಿಲ್ಲ ಅಂತ ನನ್ನ ಅನಿಸಿಕೆ.

ಇದಕ್ಕೆ ಒಂದು ಚೆಂದದ ದಾರಿಯನ್ನು ಜೂಡಸ್ ಪ್ರೀಸ್ಟ್ ಹುಡುಕಿಕೊಂಡಿತು. 2018ರ "ಫೈರ್‌ಪವರ್"ಗೆ ಇಬ್ಬರನ್ನು ಕರೆದರು. ಒಬ್ಬರು ಟಾಮ್ ಆಲಮ್. 1979ರಿಂದ 1988ರವರೆಗಿನ ಅವರ ಆಲ್ಬಂಗಳನ್ನು ಮಾಡಿದವರು. ಇನ್ನೊಬ್ಬರು ಆಂಡಿ ಸ್ನೀಪ್, ಈಗಿನ ಮೆಟಲ್ ದನಿಯ ಪಳಗಿದ ಕೈ. ಹಳಬರು ಬ್ಯಾಂಡಿನ ಗುಣ ಕಾಯ್ದರು. ಹೊಸಬರು ದನಿ ಕಾಯ್ದರು. ಹೊರಗೆ ಬಂದದ್ದು ಮುದುಕರ ರೆಕಾರ್ಡ್ ಅನ್ನಿಸಲೇ ಇಲ್ಲ. ನನ್ನ ಗೆಳೆಯನ ಗಿಟಾರಿಸ್ಟ್ ಹಳೇ ಪ್ರೊಡ್ಯೂಸರೇ ಬೇಕು ಅನ್ನುತ್ತಿದ್ದಾನಲ್ಲ, ಅವನಿಗೆ ನಾನು ಹೇಳುವುದು ಇದನ್ನೇ. ಅವರನ್ನು ಕರೆಯಿರಿ. ಹಾಡು ಆರಿಸಲು, ಟೇಕ್ ಆರಿಸಲು ಕರೆಯಿರಿ. ಮಿಕ್ಸಿಂಗ್ ಬೇರೆಯವರಿಗೆ ಕೊಡಿ.

ಬಾಬ್ ಎಜ್ರಿನ್ ಇನ್ನೊಂದು ಬಗೆ. ಹಳಬರೇ, ಆದರೆ ಈ ಬ್ಯಾಂಡಿಗೆ ಹೊಸಬರು. ಡೀಪ್ ಪರ್ಪಲ್ ಎಂಟು ವರ್ಷ ಆಲ್ಬಂ ಮಾಡಿರಲಿಲ್ಲ. ಎಜ್ರಿನ್ ಟೊರಾಂಟೋದಲ್ಲಿ ಅವರ ಕಾರ್ಯಕ್ರಮ ನೋಡಿ, ವೇದಿಕೆಯಲ್ಲಿ ನೀವು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುತ್ತೀರಲ್ಲ, ಅದೇ ಆಲ್ಬಂನಲ್ಲಿ ಇರಲಿ ಅಂದರು. 2013ರ "ನೌ ವಾಟ್?!"ನಿಂದ 2024ರವರೆಗೆ ಐದು ಆಲ್ಬಂ ಅವರ ಕೈಯಲ್ಲೇ ಬಂದವು. ನೀವು ಯಾರನ್ನಾದರೂ ಕರೆಯುವ ಮುಂಚೆ ನಿಮ್ಮ ಒಂದು ಗಿಗ್‌ಗೆ ಕರೆಯಿರಿ. ಡೆಮೊ ಕಳಿಸಿದರೆ ತಿಳಿಯದ್ದು ಅಲ್ಲಿ ತಿಳಿಯುತ್ತದೆ.

ಒಬ್ಬರೇ, ವರ್ಷಾನುವರ್ಷ

ಐರನ್ ಮೇಡನ್ 2000ದಿಂದ 2021ರವರೆಗೆ ಆರು ಆಲ್ಬಂ ಮಾಡಿತು. ಆರಕ್ಕೂ ಕೆವಿನ್ ಶರ್ಲಿ. ಬ್ಯಾಂಡಿನವರು ಒಟ್ಟಿಗೆ ನಿಂತು ಲೈವ್ ನುಡಿಸುತ್ತಾರೆ, ಅವರು ಅದನ್ನು ಹಿಡಿಯುತ್ತಾರೆ. 2006ರ ಆಲ್ಬಂ ಅನ್ನು ಮಾಸ್ಟರಿಂಗ್ ಕೂಡ ಮಾಡಿಸದೆ ಹಾಗೇ ಬಿಟ್ಟರು. ಮರುವರ್ಷ ಬೆಂಗಳೂರಿಗೆ ಬಂದಾಗ ಆ ಆಲ್ಬಂನ ಹಾಡುಗಳು ವೇದಿಕೆಯಲ್ಲೂ ಸಿ.ಡಿ.ಯಲ್ಲಿ ಇದ್ದ ಹಾಗೇ ಕೇಳಿದವು. ಇದರ ಅನುಕೂಲ ನೆಮ್ಮದಿ. ಯಾರೂ ಯಾರಿಗೂ ಏನನ್ನೂ ವಿವರಿಸಬೇಕಿಲ್ಲ. ಅನಾನುಕೂಲ, ಕತ್ತರಿ ಮೊಂಡಾಗುತ್ತದೆ. 2015ರ ಆಲ್ಬಂ ಒಂದೂವರೆ ಗಂಟೆ. ಆಮೇಲಿನದ್ದು 80 ನಿಮಿಷದ ಮೇಲೆ. ನಾನು ಆ ಬ್ಯಾಂಡನ್ನು ಪ್ರೀತಿಸುವವನು. ಆದರೂ ಇಪ್ಪತ್ತು ನಿಮಿಷ ಕಡಿಮೆ ಇದ್ದಿದ್ದರೆ ಎರಡೂ ಇನ್ನೂ ಚೆನ್ನಾಗಿರುತ್ತಿದ್ದವು.

ನಾವೇ ಮಾಡೋಣ

ತನ್ನ ಬೆನ್ನು ತನಗೆ ಕಾಣುವುದಿಲ್ಲ ಅಂತಾರಲ್ಲ, ಆ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಅದೇ ಮೇಡನ್ 1995 ಮತ್ತು 1998ರಲ್ಲಿ ಬೇಸಿಸ್ಟ್ ಸ್ಟೀವ್ ಹ್ಯಾರಿಸ್ ಅವರ ಸ್ವಂತ ಜಾಗದಲ್ಲೇ ರೆಕಾರ್ಡ್ ಮಾಡಿತು. ಪ್ರೊಡ್ಯೂಸರ್‌ಗಳಲ್ಲಿ ಹ್ಯಾರಿಸ್ ಕೂಡ ಒಬ್ಬರು. ದನಿ ತೆಳುವಾಯಿತು. ಒಂದು ಹಾಡಿನಲ್ಲಂತೂ ಒಂದೇ ಸಾಲು ಮತ್ತೆ ಮತ್ತೆ ಬಂದು ಹತ್ತು ನಿಮಿಷದ ಹತ್ತಿರ ಹೋಯಿತು. ಸಾಕು ಅನ್ನುವವರು ಬೇಕಿತ್ತು.

ಇದಕ್ಕೆ ಎದುರು ಉದಾಹರಣೆಯೂ ಇದೆ. ಡೀಪ್ ಪರ್ಪಲ್ 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಮಾಂಟ್ರೋದಲ್ಲಿ, ಖಾಲಿ ಹೋಟೆಲಿನ ಓಣಿಯಲ್ಲಿ ಹಾಸಿಗೆಗಳನ್ನು ಅಡ್ಡ ಇಟ್ಟು "ಮಷೀನ್ ಹೆಡ್" ರೆಕಾರ್ಡ್ ಮಾಡಿತು. ಪ್ರೊಡ್ಯೂಸರ್ ಅವರೇ. ಆದರೆ ಹೊರಗೆ ನಿಂತ ಲಾರಿಯೊಳಗಿನ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತಿದ್ದವರು ಮಾರ್ಟಿನ್ ಬರ್ಚ್, ಮುಂದೆ ಮೇಡನ್‌ನ ದೊಡ್ಡ ಆಲ್ಬಂಗಳನ್ನು ಮಾಡಿದವರು. ನೀವೇ ಮಾಡುವುದಾದರೆ ಉಳಿದ ದುಡ್ಡನ್ನು ಒಳ್ಳೇ ಇಂಜಿನಿಯರ್‌ಗೆ ಹಾಕಿ. ಅದನ್ನೂ ಉಳಿಸಲು ಹೋಗಬೇಡಿ. ಬ್ಯಾಂಡಿನಲ್ಲಿ ಒಬ್ಬರ ಮಾತೇ ಕೊನೆ ಅಂತ ಎಲ್ಲರೂ ಮೊದಲೇ ಒಪ್ಪಿರಬೇಕು. ನಾಲ್ಕು ಜನ ವೋಟ್ ಹಾಕಿ ಮಾಡಿದ ಮಿಕ್ಸ್‌ನಲ್ಲಿ ನಾಲ್ಕು ವಾದ್ಯವೂ ಒಂದೇ ಜೋರು ಇರುತ್ತದೆ.

ದುಡ್ಡಿನ ಮಾತು

ಪಶ್ಚಿಮದಲ್ಲಿ ಪ್ರೊಡ್ಯೂಸರ್‌ಗೆ ಮುಂಗಡ ಕೊಟ್ಟು, ಮೇಲೆ ರಾಯಲ್ಟಿಯಲ್ಲಿ ಪಾಲು ಕೊಡುತ್ತಾರೆ. ಆ ಪಾಲನ್ನು ಪಾಯಿಂಟ್ ಅನ್ನುತ್ತಾರೆ. ಸಾಮಾನ್ಯವಾಗಿ ಮೂರರಿಂದ ಐದು ಶೇಕಡಾ. ನಮ್ಮ ಕಡೆ ಹೆಚ್ಚಾಗಿ ಹಾಡಿಗೆ ಇಷ್ಟು, ಅಥವಾ ದಿನಕ್ಕೆ ಇಷ್ಟು ಅಂತ ಮಾತಾಗುತ್ತದೆ. ಹಾಡಿನ ಲೆಕ್ಕ ಹಳೇ ಬ್ಯಾಂಡಿಗೆ ಒಳ್ಳೆಯದು. ಎಲ್ಲರಿಗೂ ನೌಕರಿ, ಮನೆ, ಮಕ್ಕಳ ಪರೀಕ್ಷೆ ಇರುತ್ತವೆ, ದಿನಗಳು ತಪ್ಪಿಯೇ ತಪ್ಪುತ್ತವೆ. ದಿನದ ಲೆಕ್ಕವಾದರೆ ಮೀಟರ್ ಓಡುತ್ತಲೇ ಇರುತ್ತದೆ.

ದುಡ್ಡು ತೀರಾ ಕಡಿಮೆ ಇದ್ದರೆ ನನ್ನ ಸಲಹೆ ಹೀಗೆ. ಪ್ರೊಡ್ಯೂಸರನ್ನು ಸ್ಟುಡಿಯೋಗೆ ಕರೆಯಬೇಡಿ. ನೀವು ಪ್ರಾಕ್ಟೀಸ್ ಮಾಡುವ ಕೋಣೆಗೆ ನಾಲ್ಕು ದಿನ ಕರೆಯಿರಿ. ಹಾಡು ಕತ್ತರಿಸುವುದು, ವೇಗ ಬದಲಿಸುವುದು, ಶ್ರುತಿ ಇಳಿಸುವುದು ಎಲ್ಲ ಅಲ್ಲೇ ಮುಗಿಯಲಿ. ಗಂಟೆಗಿಷ್ಟು ಅಂತ ಬಾಡಿಗೆ ಕೊಡುವ ಜಾಗದಲ್ಲಿ ಯೋಚನೆ ಮಾಡುತ್ತಾ ಕೂತರೆ ದುಡ್ಡು ನೀರಿನಂತೆ ಹೋಗುತ್ತದೆ. ಆಮೇಲೆ ಒಳ್ಳೇ ಸ್ಟುಡಿಯೋದಲ್ಲಿ ಡ್ರಮ್ಸ್ ಮಾತ್ರ ರೆಕಾರ್ಡ್ ಮಾಡಿ. ಗಿಟಾರ್, ಬೇಸ್ ಮನೆಯಲ್ಲಾದರೂ ಆಗುತ್ತದೆ. ಡಿಐ ಬಾಕ್ಸ್ ಅನ್ನುವ ಪುಟ್ಟ ಪೆಟ್ಟಿಗೆ ಮೂಲಕ, ಆಂಪ್ಲಿಫೈಯರ್ ಇಲ್ಲದೆ, ಸಾದಾ ಸಿಗ್ನಲ್ ಉಳಿಸಿಕೊಂಡರೆ ಬೇಕಾದಾಗ ಒಳ್ಳೇ ಆಂಪ್‌ಗೆ ಹಾಯಿಸಬಹುದು. ಹತ್ತು ಹಾಡಿಗೆ ದುಡ್ಡು ಸಾಲದಿದ್ದರೆ ಐದೇ ಹಾಡು ಮಾಡಿ. ಅಗ್ಗದ ಕೈಗೆ ಹತ್ತು ಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ಮಿಕ್ಸಿಂಗ್ ಅನ್ನು ಹೊರದೇಶಕ್ಕೆ ಕಳಿಸುವವರು ಈಗ ಜಾಸ್ತಿ. ದನಿ ಚೆನ್ನಾಗಿಯೇ ಬರುತ್ತದೆ. ಆದರೆ ಹಾಡು ಕನ್ನಡದ್ದಾದರೆ ಒಂದು ತೊಂದರೆ ಇದೆ. ಕೇಳುವವರಿಗೆ ಮಾತು ಗೊತ್ತಿಲ್ಲದಿದ್ದರೆ ಒತ್ತಕ್ಷರ ಗಿಟಾರಿನಡಿ ಮುಳುಗಿದ್ದು ತಿಳಿಯುವುದಿಲ್ಲ. ಳಕಾರ ಲಕಾರದಂತೆ ಕೇಳಿದರೂ ಅವರಿಗೆ ಎರಡೂ ಒಂದೇ. ಸಾಲಿನ ಕೊನೆಯ ಸ್ವರ ಕತ್ತರಿಸಿ ಹೋದರೆ ಅರ್ಥವೇ ಕೆಡುತ್ತದೆ. ಅಂಥಲ್ಲಿ ಕನ್ನಡ ಬಲ್ಲ ಒಬ್ಬರು ಪ್ರತಿ ಮಿಕ್ಸ್ ಕೇಳಿ ಟಿಪ್ಪಣಿ ಕಳಿಸಲೇಬೇಕು. ಆ ಒಬ್ಬರು ಬ್ಯಾಂಡಿನವರು ಆಗಿರಬಾರದು. ಸಾಹಿತ್ಯ ಬಾಯಿಪಾಠ ಇರುವವರಿಗೆ ನುಂಗಿದ ಅಕ್ಷರವೂ ಕೇಳಿಸುತ್ತದೆ.

ಮಾತುಕತೆ ಏನೇ ಆಗಲಿ, ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ಪ್ರೊಡ್ಯೂಸರ್ ಸ್ವತಃ ಎಷ್ಟು ದಿನ ಇರುತ್ತಾರೆ, ಎಷ್ಟು ಸಲ ಮಿಕ್ಸ್ ತಿದ್ದಿಕೊಡುತ್ತಾರೆ, ಕೊನೆಯ ತಾರೀಖು ಯಾವುದು, ಹಾಡಿನ ಪೂರ್ತಿ ಫೈಲ್‌ಗಳು ಯಾರ ಹತ್ತಿರ ಇರುತ್ತವೆ. ರಶ್ ತನ್ನ 2002ರ ಆಲ್ಬಂ ದನಿ ಸರಿಯಿಲ್ಲ ಅಂತ 2013ರಲ್ಲಿ ಪೂರ್ತಿ ಹೊಸದಾಗಿ ಮಿಕ್ಸ್ ಮಾಡಿಸಿತು. ಬೇರೆ ಬೇರೆ ಟ್ರ್ಯಾಕ್‌ಗಳು ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಎರಡು ಹಾರ್ಡ್ ಡಿಸ್ಕ್‌ನಲ್ಲಿ, ಎರಡು ಮನೆಯಲ್ಲಿ ಇಟ್ಟುಕೊಳ್ಳಿ.

ಒಂದು ಹಾಡು ಕೊಟ್ಟು ನೋಡಿ

ಇಷ್ಟಾದ ಮೇಲೂ ಇಬ್ಬರ ನಡುವೆ ಮನಸ್ಸು ತೂಗಾಡಿದರೆ ಇಬ್ಬರಿಗೂ ಅದೇ ಒಂದು ಹಾಡು ಕೊಡಿ, ಅರ್ಧ ದಿನದ ದುಡ್ಡು ಕೊಡಿ. ನಿಮ್ಮ ಒಳ್ಳೇ ಹಾಡು ಬೇಡ. ಒಳ್ಳೇ ಹಾಡು ಯಾರ ಕೈಯಲ್ಲೂ ಚೆನ್ನಾಗಿಯೇ ಬರುತ್ತದೆ. ಎಲ್ಲೋ ಕುಂಟುತ್ತಿದೆ, ಎಲ್ಲಿ ಅಂತ ತಿಳಿಯುತ್ತಿಲ್ಲ ಅನ್ನುವ ಹಾಡು ಕೊಡಿ. ಅವರು ಮೊದಲು ಕೇಳುವ ಪ್ರಶ್ನೆ ಏನು ಅಂತ ಗಮನಿಸಿ. ಯಾವ ಆಂಪ್, ಯಾವ ಮೈಕ್ ಅಂತ ಶುರು ಮಾಡುತ್ತಾರಾ, ಹಾಡು ಯಾವುದರ ಬಗ್ಗೆ ಅಂತ ಕೇಳುತ್ತಾರಾ? ಮಾತಾಡುವಾಗ ಬ್ಯಾಂಡಿನ ಹಿರಿಯನನ್ನೇ ನೋಡುತ್ತಾರಾ, ಮೂಲೆಯಲ್ಲಿ ಸುಮ್ಮನೆ ಕೂತ ಬೇಸಿಸ್ಟ್‌ನ ಕಡೆಗೂ ತಿರುಗುತ್ತಾರಾ?

ಗೆಳೆಯನ ಬ್ಯಾಂಡ್ ಹಾಗೇ ಮಾಡಿದೆ. ಹಳೇ ಪ್ರೊಡ್ಯೂಸರ್ ಜೊತೆ ಒಂದು ಶನಿವಾರ, ಡ್ರಮ್ಮರ್ ಹೇಳಿದ ಹುಡುಗನ ಜೊತೆ ಇನ್ನೊಂದು ಶನಿವಾರ. ಇನ್ನೂ ತೀರ್ಮಾನ ಆಗಿಲ್ಲ. ಆದರೆ ಹುಡುಗ ಹಾಡನ್ನು ಎರಡು ಸಲ ಕೇಳಿ, ಹಾಡುಗಾರನ ಹತ್ತಿರ ಹೋಗಿ, "ಅಣ್ಣಾ, ಶ್ರುತಿ ಸ್ವಲ್ಪ ಇಳಿಸಿ ನೋಡೋಣ್ವಾ? ಮೇಲಿನ ಸಾಲು ನೀವು ಕೂಗ್ತಾ ಇದ್ದೀರಿ, ಹಾಡ್ತಾ ಇಲ್ಲ" ಅಂದನಂತೆ. ಕೋಣೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಹಾಡುಗಾರನೇ ಗಿಟಾರಿಸ್ಟ್ ಕಡೆ ತಿರುಗಿ, ಅರ್ಧ ಸ್ವರ ಇಳಿಸು ಅಂದನಂತೆ.